ತಾಲ್ಲೂಕಿನ ಲೆಕ್ಕ ತಾಲ್ಲೂಕಿನವರ ಕೈಗೂ ಸಿಗಲಿ: ಯೋಜನಾ ಸಚಿವರಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಯೋಜನೆ ಮತ್ತು ಸಾಂಖ್ಯಿಕ ಇಲಾಖೆಯ ಮಾನ್ಯ ಸಚಿವರಿಗೆ,

ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುವ ಅತಿಥಿ ಉಪನ್ಯಾಸಕ. ಹಾಗಂದ ಕೂಡಲೇ ಇದು ಗೌರವಧನ ಹೆಚ್ಚಿಸಿ ಅನ್ನುವ ಪತ್ರ ಅಂದುಕೊಳ್ಳಬೇಡಿ. ಅಂಥ ಪತ್ರಗಳು ಉನ್ನತ ಶಿಕ್ಷಣ ಸಚಿವರ ಮೇಜಿನ ಮೇಲೆ ಬೇಕಾದಷ್ಟಿವೆ. ನಾನು ತಮ್ಮನ್ನು ಕೇಳುತ್ತಿರುವುದು ದುಡ್ಡಲ್ಲ, ಹುದ್ದೆಯಲ್ಲ. ಒಂದು ಎಕ್ಸೆಲ್ ಫೈಲ್.

ಯಾವ ಫೈಲ್ ಅಂತ ಹೇಳುತ್ತೇನೆ. 2000ದಲ್ಲಿ ಸರ್ಕಾರ ಪ್ರೊ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ನಿವಾರಣೆಗೆ ಉನ್ನತಾಧಿಕಾರ ಸಮಿತಿ ಮಾಡಿತು. 2002ರ ಜೂನ್‌ನಲ್ಲಿ ವರದಿ ಬಂತು. ಸಮಿತಿ ಆಗ ಇದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ, ಅಂದರೆ ಆಸ್ಪತ್ರೆ ಹಾಸಿಗೆ, ಟ್ರ್ಯಾಕ್ಟರು, ದೂರವಾಣಿಯಂಥ ಅಳತೆಗೋಲುಗಳಿಂದ, ಅಳೆಯಿತು. ಪ್ರತಿ ಸೂಚಕದಲ್ಲೂ ತಾಲ್ಲೂಕು ಎಲ್ಲಿದೆ, ರಾಜ್ಯದ ಸರಾಸರಿ ಎಲ್ಲಿದೆ ಅಂತ ಹೋಲಿಸಿತು. ಯಾವ ಸೂಚಕಕ್ಕೆ ಎಷ್ಟು ತೂಕ ಅಂತ ನಿಗದಿ ಮಾಡಿ, ಎಲ್ಲವನ್ನೂ ಕೂಡಿಸಿ, ಪ್ರತಿ ತಾಲ್ಲೂಕಿಗೆ ಒಂದು ಸಂಖ್ಯೆ, ಅಂದರೆ ಸೂಚ್ಯಂಕ, ಕೊಟ್ಟಿತು. ರಾಜ್ಯದ ಸರಾಸರಿ 1. ಅದಕ್ಕಿಂತ ಕಡಿಮೆ ಬಂದರೆ ಹಿಂದುಳಿದ ತಾಲ್ಲೂಕು. ಹೀಗೆ 114 ತಾಲ್ಲೂಕುಗಳು ಹಿಂದುಳಿದ ಪಟ್ಟಿಗೆ ಬಂದವು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ 175 ಸಾಲು, 35 ಕಂಬಸಾಲುಗಳ ಲೆಕ್ಕದ ಹಾಳೆ ನಮಗೆ ಬೇಕು. ಅಚ್ಚಾದ ವರದಿಯಲ್ಲ, ಕಂಪ್ಯೂಟರಿನಲ್ಲಿ ತೆರೆದು ಕೂಡಿಸಿ ನೋಡಬಹುದಾದ ಹಾಳೆ.

ಇಷ್ಟು ವರ್ಷವಾದ ಮೇಲೆ ಅದರ ಗೊಡವೆ ಯಾಕೆ ಅಂತ ಕೇಳಬಹುದು. ನಮ್ಮ ಕಡೆ ಆ ಸಂಖ್ಯೆಗಳು ಇನ್ನೂ ಬದುಕಿವೆ ಸ್ವಾಮಿ. ಅನುದಾನದ ಮಾತು ಬಂದಾಗ, ಹಾಸ್ಟೆಲ್ ಎಲ್ಲಿ ಕಟ್ಟಬೇಕು ಅನ್ನುವಾಗ, ಬೆಳಗಾವಿ ಅಧಿವೇಶನದಲ್ಲಿ ಶಾಸಕರು ಎದ್ದು ನಿಂತಾಗ, "ನಂಜುಂಡಪ್ಪ ವರದಿ ಪ್ರಕಾರ" ಅನ್ನದೆ ಮಾತು ಮುಂದೆ ಹೋಗುವುದಿಲ್ಲ. ಸಮಿತಿ 8 ವರ್ಷದ ವಿಶೇಷ ಅಭಿವೃದ್ಧಿ ಯೋಜನೆ ಹೇಳಿತ್ತು. ಮೊತ್ತ 31,000 ಕೋಟಿ ರೂಪಾಯಿ. ಮಾಮೂಲಿ ಬಜೆಟ್ಟಿನಿಂದ 15,000 ಕೋಟಿ, ಅದರ ಮೇಲೆ ಹೆಚ್ಚುವರಿ 16,000 ಕೋಟಿ. ಯೋಜನೆ ನಿಜವಾಗಿ ಶುರುವಾಗಿದ್ದು 2007-08ರಲ್ಲಿ. ಆಮೇಲೆ ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಬಂತು, ಅಭಿವೃದ್ಧಿ ಮಂಡಳಿ ಬಂತು. ಆ ಹೋರಾಟಕ್ಕೂ ಕೈಗೆ ಸಿಕ್ಕ ಆಯುಧಗಳಲ್ಲಿ ಈ ವರದಿಯೂ ಒಂದು.

ನಂಜುಂಡಪ್ಪನವರು ಎಲ್ಲಿಂದ ಬಂದವರು ಅನ್ನುವುದೂ ಮುಖ್ಯ. ವಾಷಿಂಗ್ಟನ್ನಿನ ಬ್ಯಾಂಕಿನಿಂದಲ್ಲ, ಮುಂಬೈಯ ಕನ್ಸಲ್ಟೆನ್ಸಿ ಕಂಪನಿಯಿಂದಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದವರು. ಮುಂದೆ ಅಲ್ಲಿಯೂ ಬೆಂಗಳೂರು ವಿಶ್ವವಿದ್ಯಾಲಯದಲ್ಲೂ ಕುಲಪತಿಯಾದರು, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾದರು. ನಮ್ಮ ರಾಜ್ಯದ ಒಂದು ಸಾಮಾನ್ಯ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದಲ್ಲಿ ಬೆಳೆದ ಆಲೋಚನೆ, ವಿಧಾನಸೌಧದ ಹಣ ಯಾವ ಕಡೆ ಹರಿಯಬೇಕು ಅನ್ನುವುದನ್ನು ತಿದ್ದಿತು. ಇಂಥದ್ದು ಎಷ್ಟು ಸಲ ಆಗಿದೆ ಹೇಳಿ.

ಅದು ಮಾಡಿದ ಒಳ್ಳೆಯ ಕೆಲಸವನ್ನೂ ಹೇಳಲೇಬೇಕು. ವರದಿ ಬರುವ ಮುಂಚೆ ಇದು ಉತ್ತರ-ದಕ್ಷಿಣದ ಜಗಳವಾಗಿತ್ತು. ಅವರಿಗೆ ಜಾಸ್ತಿ ಕೊಟ್ಟರು, ನಮಗೆ ಕಡಿಮೆ ಕೊಟ್ಟರು ಅನ್ನುವ ಮಾತು. ಸಮಿತಿ ಜಿಲ್ಲೆ ಬಿಟ್ಟು ತಾಲ್ಲೂಕಿಗೆ ಇಳಿಯಿತು. ಆಗ ಗೊತ್ತಾಯಿತು, 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 26 ಉತ್ತರ ಕರ್ನಾಟಕದಲ್ಲಿವೆ, ಅದರಲ್ಲೂ 21 ಕಲಬುರಗಿ ವಿಭಾಗದಲ್ಲೇ ಇವೆ ಅಂತ. ಆದರೆ ಉಳಿದ 13 ದಕ್ಷಿಣದವು. ಬೆಂಗಳೂರಿನಿಂದ ಒಂದೆರಡು ಗಂಟೆಯ ಹಾದಿಯ ಕನಕಪುರ, ಮಾಗಡಿ ಕೂಡ ನಮ್ಮ ಜಿಲ್ಲೆಯ ದೇವದುರ್ಗ ಇದ್ದ ಪಟ್ಟಿಯಲ್ಲೇ ಇದ್ದವು. ಎಚ್.ಡಿ. ಕೋಟೆ ಇತ್ತು, ಪಾವಗಡ ಇತ್ತು. ಬರೀ ಸಿಟ್ಟಿನಿಂದ ಈ ಪಟ್ಟಿ ತಯಾರಾಗುತ್ತಿರಲಿಲ್ಲ. ಕೂತು ಲೆಕ್ಕ ಹಾಕಿದ್ದಕ್ಕೆ ಆಯಿತು.

ಹಾಗಾಗಿ ನನ್ನ ತಕರಾರು ವರದಿಯ ಮೇಲಲ್ಲ. ಇಷ್ಟು ದೊಡ್ಡ ಲೆಕ್ಕವನ್ನು ಆಮೇಲೆ ಯಾರೂ ಕೂತು ಪರೀಕ್ಷೆ ಮಾಡಲು ಆಗದಂತೆ ಇಟ್ಟಿದ್ದೀವಲ್ಲ, ಅದರ ಮೇಲೆ.

ತಾಲ್ಲೂಕುಗಳನ್ನು ವಿಂಗಡಿಸಿದ ಗೆರೆಗಳನ್ನೇ ನೋಡಿ. ಸೂಚ್ಯಂಕ 0.79ರವರೆಗೆ ಬಂದರೆ "ಅತ್ಯಂತ ಹಿಂದುಳಿದ" ತಾಲ್ಲೂಕು. 0.80 ಬಂದರೆ ಒಂದು ಮೆಟ್ಟಿಲು ಮೇಲೆ. 0.88 ದಾಟಿದರೆ ಇನ್ನೊಂದು ಮೆಟ್ಟಿಲು. ಎರಡನೇ ದಶಾಂಶ ಸ್ಥಾನದ ಒಂದು ಅಂಕಿ ಒಂದು ತಾಲ್ಲೂಕಿನ ಪಟ್ಟಿ ಬದಲಿಸುತ್ತದೆ. ಆಸ್ಪತ್ರೆ ಹಾಸಿಗೆಗೆ ಸ್ವಲ್ಪ ಜಾಸ್ತಿ ತೂಕ, ಟ್ರ್ಯಾಕ್ಟರಿಗೆ ಸ್ವಲ್ಪ ಕಡಿಮೆ ತೂಕ ಕೊಟ್ಟಿದ್ದರೆ ಯಾವ ತಾಲ್ಲೂಕು ಎಲ್ಲಿಗೆ ಹೋಗುತ್ತಿತ್ತು? ಒಂದು ಸೂಚಕ ಕೈಬಿಟ್ಟರೆ ಏನಾಗುತ್ತದೆ? ಇದು ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಮಾಡಿ ನೋಡಬಹುದಾದ ಕೆಲಸ, ಹಾಳೆ ಕೈಯಲ್ಲಿದ್ದರೆ.

ವಿದ್ಯಾರ್ಥಿಗಳು ಇಂಥದ್ದನ್ನೆಲ್ಲ ಪರೀಕ್ಷೆ ಮಾಡಿ ಏನು ಉಪಯೋಗ ಅಂತ ತಮಗೆ ಅನಿಸಬಹುದು. ಅಮೆರಿಕದಲ್ಲಿ ನಡೆದ ಒಂದು ವಿಷಯ ಹೇಳುತ್ತೇನೆ. ತಮ್ಮ ಇಲಾಖೆಯ ಅರ್ಥಶಾಸ್ತ್ರಜ್ಞರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಅನ್ನುವ ಇಬ್ಬರು ದೊಡ್ಡ ಅರ್ಥಶಾಸ್ತ್ರಜ್ಞರು ಒಂದು ಲೇಖನ ಪ್ರಕಟಿಸಿದರು. ಸರ್ಕಾರದ ಸಾಲ ದೇಶದ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಅನ್ನುವುದು ಅದರ ಸಾರ. ಮುಂದುವರಿದ ದೇಶಗಳಲ್ಲಿ ಹಾಗೆ ದಾಟಿದಾಗ ಸರಾಸರಿ ಬೆಳವಣಿಗೆ ಮೈನಸ್ ಶೇ. 0.1 ಅಂತ ಅವರ ಲೆಕ್ಕ. ಆಗ ಯುರೋಪಿನಲ್ಲಿ ಸಾಲದ ಬಿಕ್ಕಟ್ಟು. 2010ರಲ್ಲಿ ಬ್ರಿಟನ್ನಿನ ಹಣಕಾಸು ಸಚಿವರಾದ ಜಾರ್ಜ್ ಆಸ್ಬರ್ನ್ ಈ ಇಬ್ಬರ ಹೆಸರು ಹೇಳಿದರು. ಐರೋಪ್ಯ ಆಯೋಗದ ಓಲಿ ರೆನ್ ಈ ಶೇ. 90ರ ಮಾತು ಆಡಿದರು. ಅಮೆರಿಕದಲ್ಲಿ ಸಂಸದ ಪಾಲ್ ರಯಾನ್ ಅವರ ಬಜೆಟ್ ಪ್ರಸ್ತಾವದಲ್ಲೂ ಇದು ಕಾಣಿಸಿತು. ಖರ್ಚು ಕಡಿತ ಮಾಡಬೇಕು ಅಂತಿದ್ದವರಿಗೆಲ್ಲ ಒಂದು ಸಂಖ್ಯೆ ಸಿಕ್ಕಿತು.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್ಸಿನಲ್ಲಿ ಥಾಮಸ್ ಹರ್ನ್‌ಡನ್ ಅಂತ ಒಬ್ಬ ಸಂಶೋಧನಾ ವಿದ್ಯಾರ್ಥಿ. ಪ್ರಕಟವಾದ ಯಾವುದಾದರೂ ಲೇಖನ ತಗೊಂಡು ಅದೇ ಲೆಕ್ಕ ಮತ್ತೆ ಮಾಡಿ ತೋರಿಸಬೇಕು ಅನ್ನುವುದು ಅವನ ತರಗತಿಯ ಹೋಂವರ್ಕ್. ಅವನು ಇದನ್ನು ಆರಿಸಿಕೊಂಡ. ಎಷ್ಟು ಮಾಡಿದರೂ ಅವರ ಉತ್ತರ ಬರಲಿಲ್ಲ. ಕೊನೆಗೆ ಲೇಖಕರಿಗೇ ಬರೆದು ಕೇಳಿದ. ಅವರು ಎಕ್ಸೆಲ್ ಹಾಳೆ ಕಳಿಸಿಕೊಟ್ಟರು. ತೆರೆದು ನೋಡಿದರೆ, ಸರಾಸರಿ ತೆಗೆಯುವ ಸೂತ್ರ 20 ದೇಶಗಳ ಬದಲು 15 ದೇಶಗಳ ಸಾಲನ್ನು ಮಾತ್ರ ಹಿಡಿದಿತ್ತು. ಅಕ್ಷರಮಾಲೆಯಲ್ಲಿ ಮೊದಲು ಬರುವ ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಹೊರಗೇ ಉಳಿದಿದ್ದವು.

ಜನ ನಕ್ಕಿದ್ದು ಇದಕ್ಕೆ. ಆದರೆ ಲೆಕ್ಕ ಜಾಸ್ತಿ ಹಾಳಾಗಿದ್ದು ಎಕ್ಸೆಲ್ ತಪ್ಪಿನಿಂದ ಅಲ್ಲ. ಕೆಲವು ವರ್ಷಗಳ ಅಂಕಿ ಬಿಟ್ಟಿದ್ದರಿಂದ, ತೂಕ ಕೊಟ್ಟ ರೀತಿಯಿಂದ. ಸಾಲ ಶೇ. 90 ದಾಟಿದ ವರ್ಷಗಳಲ್ಲಿ ಲೆಕ್ಕಕ್ಕೆ ಬಂದಿದ್ದು ನ್ಯೂಜಿಲೆಂಡಿನ ಒಂದೇ ಒಂದು ವರ್ಷ, 1951, ಬೆಳವಣಿಗೆ ಮೈನಸ್ ಶೇ. 7.6. ಬ್ರಿಟನ್ನಿನ 19 ವರ್ಷ, ಸರಾಸರಿ ಶೇ. 2.4. ಲೆಕ್ಕದಲ್ಲಿ ಎರಡಕ್ಕೂ ಒಂದೇ ತೂಕ. ಹರ್ನ್‌ಡನ್ ತನ್ನ ಪ್ರಾಧ್ಯಾಪಕರಾದ ಮೈಕೆಲ್ ಆಶ್, ರಾಬರ್ಟ್ ಪೋಲಿನ್ ಜೊತೆ ಸೇರಿ 2013ರಲ್ಲಿ ಎಲ್ಲ ಸರಿಮಾಡಿ ನೋಡಿದಾಗ ಮೈನಸ್ ಶೇ. 0.1 ಇದ್ದದ್ದು ಪ್ಲಸ್ ಶೇ. 2.2 ಆಯಿತು. ಮೂಲ ಲೇಖಕರು ಎಕ್ಸೆಲ್ ತಪ್ಪು ಒಪ್ಪಿಕೊಂಡರು. ಸಾಲ ಜಾಸ್ತಿಯಾದರೆ ಬೆಳವಣಿಗೆ ನಿಧಾನವಾಗುತ್ತದೆ ಅನ್ನುವ ತಮ್ಮ ಒಟ್ಟು ಮಾತನ್ನು ಬಿಟ್ಟುಕೊಡಲಿಲ್ಲ. ಆ ವಾದ ಇವತ್ತಿಗೂ ನಡೆಯುತ್ತಿದೆ, ನಡೆಯಲಿ. ಆದರೆ ಶೇ. 90 ಅನ್ನುವ ಗೆರೆಗೆ ಮೊದಲಿನ ಗತ್ತು ಉಳಿಯಲಿಲ್ಲ.

ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಆ ವಿದ್ಯಾರ್ಥಿಯ ಜಾಣತನಕ್ಕಿಂತ ಹೆಚ್ಚಾಗಿ, ಅಷ್ಟು ದೊಡ್ಡ ಹೆಸರಿನವರು ಗುರುತು ಪರಿಚಯ ಇಲ್ಲದ ಹುಡುಗನಿಗೆ ಹಾಳೆ ಕಳಿಸಿದ್ದು. ಅವರು ಕಳಿಸದೇ ಇದ್ದಿದ್ದರೆ ಶೇ. 90 ಇವತ್ತಿಗೂ ಪಠ್ಯಪುಸ್ತಕದಲ್ಲಿ ಇರುತ್ತಿತ್ತೇನೋ.

ನಮ್ಮಲ್ಲಿ ಏನಾಯಿತು ಕೇಳಿ. ನಮ್ಮ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಪ್ರಬಂಧಕ್ಕೆ ರಾಯಚೂರು ಜಿಲ್ಲೆಯ ತಾಲ್ಲೂಕುಗಳ ಸೂಚ್ಯಂಕವನ್ನು ಮತ್ತೆ ಲೆಕ್ಕ ಹಾಕಿ ನೋಡುತ್ತೇನೆ ಅಂದಳು. ಒಳ್ಳೆಯ ವಿಷಯ, ನಾನು ಒಪ್ಪಿದೆ. ವರದಿಯ ಪ್ರತಿ ಸಿಕ್ಕಿತು. ಅದರಲ್ಲಿ ಕೋಷ್ಟಕಗಳಿವೆ. ಆದರೆ ನಮಗೆ ಸಿಕ್ಕಿದ್ದು ಜೆರಾಕ್ಸಿನ ಜೆರಾಕ್ಸು. 3 ಯಾವುದು, 8 ಯಾವುದು ಗೊತ್ತಾಗುವುದಿಲ್ಲ. ಅಂಚಿನ ಕಂಬಸಾಲು ಬೈಂಡಿಂಗಿನ ಒಳಗೆ ಹೋಗಿದೆ. ಸೂಚ್ಯಂಕವೇ ಎರಡನೇ ದಶಾಂಶದ ಮೇಲೆ ನಿಂತಿರುವಾಗ 3 ಮತ್ತು 8ರ ಗೊಂದಲ ಸಣ್ಣದಲ್ಲ.

ಸರಿ, ಮೂಲ ಹಾಳೆ ಸಿಗಬಹುದು ಅಂತ ಒಂದು ಕಚೇರಿಗೆ ಹೋದೆವು. ಅಲ್ಲಿಯ ವಿಷಯ ನಿರ್ವಾಹಕರು ಒಳ್ಳೆಯವರೇ. ಕೂರಿಸಿ ಮಾತಾಡಿದರು. "ಮೇಡಂ, ವರದಿ ಲೈಬ್ರರಿಯಲ್ಲಿ ಇರುತ್ತೆ ನೋಡಿ" ಅಂದರು. ವರದಿ ಇದೆ ಸರ್, ಲೆಕ್ಕ ಬೇಕು ಅಂದಳು. ಅವರಿಗೆ ಎರಡರ ವ್ಯತ್ಯಾಸ ತಿಳಿಯಿತು, ಆದರೆ ಮಾಡಲು ಏನೂ ಇರಲಿಲ್ಲ. ಮಾಹಿತಿ ಹಕ್ಕಿನಲ್ಲಿ ಹಾಕಿ ಅಂದರು. ಹಾಕಿದೆವು. 150 ಪದದೊಳಗೆ, ಒಂದೇ ವಿಷಯ, 10 ರೂಪಾಯಿ ಪೋಸ್ಟಲ್ ಆರ್ಡರ್. ಹಿಂಬರಹ ಬಂತು: ಕೋರಿರುವ ಮಾಹಿತಿ ಕೋರಿರುವ ನಮೂನೆಯಲ್ಲಿ ಲಭ್ಯವಿರುವುದಿಲ್ಲ. ಯಾರ ಮೇಲೂ ದೂರು ಹೇಳುತ್ತಿಲ್ಲ. ಬಹುಶಃ ಅದು ನಿಜ. ಆ ಹಾಳೆ ಯಾವುದೋ ಹಳೇ ಕಂಪ್ಯೂಟರಿನ ಜೊತೆ ಗುಜರಿಗೆ ಹೋಗಿರಬಹುದು. ಆದರೆ ಸಾವಿರಾರು ಕೋಟಿ ರೂಪಾಯಿ ಎಲ್ಲಿಗೆ ಹೋಗಬೇಕು ಅಂತ ಹೇಳಿದ ಲೆಕ್ಕ ಹೀಗೆ ಕಳೆದುಹೋಗಬಹುದಾ? ಜಮೀನಿನ ಪಹಣಿಯನ್ನು ಸರ್ಕಾರ ಹೀಗೆ ಕಳೆದುಕೊಳ್ಳುತ್ತದಾ?

ಹುಡುಗಿ ಕೊನೆಗೆ ವಿಷಯ ಬದಲಿಸಿದಳು. ಸ್ವಸಹಾಯ ಸಂಘಗಳ ಮೇಲೆ ಬರೆದಳು. ಎಲ್ಲರೂ ಅದರ ಮೇಲೇ ಬರೆಯುತ್ತಾರೆ.

ಇನ್ನು ಸೂಚಕಗಳ ಮಾತು. 2002ರಲ್ಲಿ ಒಂದು ಲಕ್ಷ ಜನಕ್ಕೆ ಎಷ್ಟು ದೂರವಾಣಿ ಅನ್ನುವುದು ಒಂದು ಸೂಚಕ. ಆಗ ಅದು ಸರಿಯೇ. ಊರಿಗೊಂದು ಎಸ್‌ಟಿಡಿ ಬೂತ್ ಇದ್ದ ಕಾಲ. ಈಗ ನಮ್ಮ ಹತ್ತಿ ಬಿಡಿಸಲು ಬರುವ ಹೆಂಗಸರ ಸೀರೆಯ ಸೆರಗಿನಲ್ಲೂ ಫೋನಿದೆ. ಎಕರೆಗೆ ಹಾಕುವ ರಸಗೊಬ್ಬರವನ್ನೂ ಅಭಿವೃದ್ಧಿಯ ಲೆಕ್ಕಕ್ಕೆ ಹಿಡಿಯುವುದುಂಟು. ಸಿಂಧನೂರಿನ ಭತ್ತದ ಗದ್ದೆಗಳಲ್ಲಿ ಗೊಬ್ಬರ ಜಾಸ್ತಿ ಸುರಿದು, ನೀರು ನಿಂತು, ಸವಳು ಬಿದ್ದ ನೆಲ ನೋಡಿದವರಿಗೆ ಇದು ಅಭಿವೃದ್ಧಿಯೋ ಅಲ್ಲವೋ ಅನ್ನುವ ಅನುಮಾನ ಬರುತ್ತದೆ. ಸೂಚಕ ತಪ್ಪು ಅಂತ ಹೇಳುತ್ತಿಲ್ಲ. ಅದರ ಬಗ್ಗೆ ಜಗಳವಾಡುವಷ್ಟಾದರೂ ಅವಕಾಶ ಬೇಕು ಅನ್ನುತ್ತಿದ್ದೇನೆ.

ಆಮೇಲೆ ತಾಲ್ಲೂಕುಗಳೇ ಬದಲಾಗಿವೆ. ಆಗ 175, ಈಗ 230ಕ್ಕೂ ಜಾಸ್ತಿ. ನಮ್ಮ ಜಿಲ್ಲೆಯಲ್ಲೇ ಮಸ್ಕಿ, ಸಿರವಾರ ಹೊಸ ತಾಲ್ಲೂಕುಗಳಾದವು. ಪಕ್ಕದ ಯಾದಗಿರಿಯಲ್ಲಿ ಹುಣಸಗಿ, ವಡಗೇರಾ, ಗುರುಮಠಕಲ್. ಮಸ್ಕಿ ತಾಲ್ಲೂಕಿಗೆ ಒಂದಕ್ಕಿಂತ ಹೆಚ್ಚು ಹಳೇ ತಾಲ್ಲೂಕುಗಳ ಹಳ್ಳಿಗಳು ಸೇರಿವೆ. ಅದರ ಸೂಚ್ಯಂಕ ಎಷ್ಟು? ಹಳೇ ತಾಲ್ಲೂಕಿನದ್ದನ್ನೇ ಹಚ್ಚಬೇಕಾ, ಹೊಸದಾಗಿ ಲೆಕ್ಕ ಹಾಕಬೇಕಾ? ಹೊಸದಾಗಿ ಹಾಕಲು ಜನಗಣತಿ ಬೇಕು. 2011ರ ನಂತರ ಜನಗಣತಿಯ ಅಂಕಿ ಬಂದಿಲ್ಲ. ಆ 2011ರ ಗಣತಿಯಲ್ಲಿ ಮಸ್ಕಿ ತಾಲ್ಲೂಕೇ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಯವರೆಗೆ ಬಂದು ನಿಲ್ಲುತ್ತದೆ. ಹಳ್ಳಿ ಹಳ್ಳಿಯ ಅಂಕಿ ಕೂಡಿಸಿ ತಾಲ್ಲೂಕು ಕಟ್ಟಬೇಕು. ಅದು ಹೊರಗಿನಿಂದ ಬಂದವರು ಎರಡು ದಿನದಲ್ಲಿ ಮಾಡುವ ಕೆಲಸ ಅಲ್ಲ.

ತಾಲ್ಲೂಕಿನ ಒಳಗೂ ಸರಾಸರಿ ಮೋಸ ಮಾಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ನೆನಪಿಸಿಕೊಳ್ಳಿ. ಮೇಲ್ಭಾಗದಲ್ಲಿ ಎರಡು ಬೆಳೆ ಭತ್ತ. ಕೊನೆಯ ಭಾಗದ ರೈತರು ಪ್ರತಿ ವರ್ಷ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಮಾನ್ವಿ ಕಡೆ ಹೋಗಿ ಕೇಳಿದರೆ ಒಂದೇ ತಾಲ್ಲೂಕಿನಲ್ಲಿ ಎರಡು ಲೋಕ ಕಾಣುತ್ತವೆ. ಕಾಗದದ ಮೇಲೆ ಎರಡೂ "ನೀರಾವರಿ ಪ್ರದೇಶ". ನಂಜುಂಡಪ್ಪನವರು ಜಿಲ್ಲೆಯಿಂದ ತಾಲ್ಲೂಕಿಗೆ ಇಳಿದರು. ಈಗ ತಾಲ್ಲೂಕಿನಿಂದ ಗ್ರಾಮ ಪಂಚಾಯಿತಿಗೆ ಇಳಿಯಬೇಕು. ಇಳಿಯುವವರು ಯಾರು?

ಇಲ್ಲಿ ನಮ್ಮವರ ಬಗ್ಗೆಯೂ ಹೇಳಬೇಕು. ತಪ್ಪೆಲ್ಲ ಸರ್ಕಾರದ್ದು ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಯಾವುದಾದರೂ ಅರ್ಥಶಾಸ್ತ್ರ ವಿಭಾಗದ ಸ್ಟೀಲ್ ಬೀರು ತೆಗೆದು ನೋಡಿ. ರೆಕ್ಸಿನ್ ಬೈಂಡ್, ಬಂಗಾರದ ಅಕ್ಷರ. ಹೆಸರು "ಒಂದು ಆರ್ಥಿಕ ಅಧ್ಯಯನ", ಕೆಳಗೆ "ಇಂಥ ತಾಲ್ಲೂಕನ್ನು ಅನುಲಕ್ಷಿಸಿ". ಒಳಗೆ ಐದು ಅಧ್ಯಾಯ. ಮೊದಲನೆಯದರಲ್ಲಿ ಭಾರತ ಹಳ್ಳಿಗಳ ದೇಶ. ಮೂರನೆಯದರಲ್ಲಿ ತಾಲ್ಲೂಕಿನ ಪರಿಚಯ, ಹಳೇ ಗೆಜೆಟಿಯರಿನಿಂದ ಎತ್ತಿದ್ದು. ನಾಲ್ಕನೆಯದರಲ್ಲಿ ಹೌದು ಎಷ್ಟು, ಇಲ್ಲ ಎಷ್ಟು ಅನ್ನುವ ಕೋಷ್ಟಕ, ಬಣ್ಣದ ಪೈ ಚಾರ್ಟ್. ಕೊನೆಗೆ ಸಲಹೆ: ಸರ್ಕಾರ ಕಡಿಮೆ ಬಡ್ಡಿಗೆ ಸಾಲ ಕೊಡಬೇಕು, ಅರಿವು ಮೂಡಿಸಬೇಕು. ವೈವಾ ಮುಗಿದ ದಿನ ಬೀರು ಸೇರಿದ್ದು ಮತ್ತೆ ಹೊರಗೆ ಬರುವುದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ, ಧೂಳು ಒರೆಸಲು. ಇಂಥ ಸಂಶೋಧನೆ ಯಾವ ಸರ್ಕಾರದ ಮನಸ್ಸನ್ನು ಬದಲಿಸುತ್ತದೆ? ಬದಲಿಸಲೂ ಬಾರದು.

ಆದರೆ ಯಾಕೆ ಹೀಗಾಯಿತು ಅಂತ ಕೇಳಿದರೆ ಉತ್ತರ ಮತ್ತೆ ವಿಧಾನಸೌಧದ ಕಡೆಗೇ ಹೋಗುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮಂಜೂರಾದ ಬೋಧಕ ಹುದ್ದೆಗಳಲ್ಲಿ ದೊಡ್ಡ ಪಾಲು ವರ್ಷಗಳಿಂದ ಖಾಲಿ. ಪಾಠ ನಡೆಯುತ್ತಿರುವುದು ನಮ್ಮಂಥ ಅತಿಥಿಗಳಿಂದ. ಅತಿಥಿಗೆ ಸಂಶೋಧನಾ ಅನುದಾನ ಇಲ್ಲ. ಮುಂದಿನ ವರ್ಷ ಇದೇ ಊರಿನಲ್ಲಿ ಇರುತ್ತೀನಾ ಅಂತಲೂ ಗೊತ್ತಿಲ್ಲ. ಹತ್ತು ವರ್ಷ ಒಂದೇ ತಾಲ್ಲೂಕನ್ನು ನೋಡುತ್ತಾ ಕೂರುವ ಮೇಷ್ಟ್ರು ಇದ್ದರೆ ತಾನೇ ಹತ್ತು ವರ್ಷದ ಅಂಕಿ ಸಿಗುವುದು. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಕಟ್ಟಿದರು. ನಾವೆಲ್ಲ ಐಸೆಕ್ ಅನ್ನುತ್ತೇವೆ. ಅಲ್ಲಿಂದ ಒಳ್ಳೆಯ ಕೆಲಸ ಬಂದಿದೆ. ಆದರೆ ನಾಗರಬಾವಿಯಲ್ಲಿ ಕೂತ ಒಂದು ಸಂಸ್ಥೆ ಇಡೀ ರಾಜ್ಯಕ್ಕೆ ಸಾಲದು. ಧಾರವಾಡ, ಕಲಬುರಗಿ, ರಾಯಚೂರು, ಬಳ್ಳಾರಿಯ ವಿಭಾಗಗಳು ಗಟ್ಟಿಯಾಗಿರಬೇಕು.

ಆ ಖಾಲಿ ಜಾಗಕ್ಕೆ ಈಗ ಕನ್ಸಲ್ಟೆಂಟರು ಬರುತ್ತಿದ್ದಾರೆ. ಟೆಂಡರ್ ಕರೆಯುತ್ತಾರೆ, ಕಂಪನಿ ಬರುತ್ತದೆ, ಬಾಡಿಗೆ ಕಾರಿನಲ್ಲಿ ಹುಡುಗರು ಟ್ಯಾಬ್ ಹಿಡಿದು ಬರುತ್ತಾರೆ. ಎಷ್ಟೋ ಸಲ ಆ ಹುಡುಗರು ನಮ್ಮ ಹಳೇ ವಿದ್ಯಾರ್ಥಿಗಳೇ, ಒಂದು ಫಾರಂ ತುಂಬಿದರೆ ಇಷ್ಟು ಅಂತ ಕೂಲಿ. ಅಂಕಿ ಸೇರಿಸಿದವರು ಇಲ್ಲಿಯವರು, ವಿಶ್ಲೇಷಣೆ ಎಲ್ಲೋ, ವರದಿ ಇಂಗ್ಲಿಷಿನಲ್ಲಿ. ದೇವದುರ್ಗದ ಬಗ್ಗೆ ಬರೆದ ವರದಿಯನ್ನು ದೇವದುರ್ಗದ ತಾಲ್ಲೂಕು ಪಂಚಾಯಿತಿಯವರು ಓದಲಾರದ ಸ್ಥಿತಿ. ಕಂಪನಿಗಳು ಬರಬಾರದು ಅನ್ನುತ್ತಿಲ್ಲ. ಅವರು ಸೇರಿಸಿದ ಅಂಕಿ ಸರ್ಕಾರದ ದುಡ್ಡಿನಲ್ಲಿ ಸೇರಿಸಿದ್ದು, ಅದು ಸಾರ್ವಜನಿಕರ ಆಸ್ತಿ ಅಲ್ವಾ?

ತಮ್ಮ ಅಧಿಕಾರಿಗಳು ಇದಕ್ಕೆ ಏನು ಹೇಳಬಹುದು ಅಂತ ನನಗೆ ಅಂದಾಜಿದೆ. ಹಾಳೆ ಬಿಟ್ಟುಕೊಟ್ಟರೆ ಪ್ರತಿ ಶಾಸಕರೂ ತಮ್ಮ ತಾಲ್ಲೂಕು ಹಿಂದುಳಿದಿದೆ ಅಂತ ತೋರಿಸುವ ಲೆಕ್ಕ ಮಾಡಿಸಿಕೊಂಡು ಬರುತ್ತಾರೆ, ನಮಗೆ ತಲೆನೋವು ಅಂತ. ಬರಲಿ ಬಿಡಿ. ಈಗಲೂ ಬರುತ್ತಾರಲ್ಲ, ಲೆಕ್ಕವಿಲ್ಲದೆ. ಹಾಳೆ ಎಲ್ಲರ ಕೈಯಲ್ಲಿದ್ದರೆ "ಸ್ವಾಮಿ, ಈ ಸೂಚಕಕ್ಕೆ ಮೂರು ಪಟ್ಟು ತೂಕ ಯಾಕೆ ಕೊಟ್ಟಿರಿ" ಅಂತ ಕೇಳುವವರು ಪಕ್ಕದ ತಾಲ್ಲೂಕಿನಲ್ಲೇ ಇರುತ್ತಾರೆ. ಇನ್ನೊಂದು ಮಾತು ಖಾಸಗಿತನದ್ದು. ತಾಲ್ಲೂಕಿನಲ್ಲಿ ಎಷ್ಟು ಆಸ್ಪತ್ರೆ ಹಾಸಿಗೆ ಇವೆ ಅನ್ನುವುದರಲ್ಲಿ ಯಾರ ಖಾಸಗಿ ವಿಷಯವೂ ಇಲ್ಲ. ಕುಟುಂಬಗಳ ಸಮೀಕ್ಷೆಯಾದರೆ ಹೆಸರು, ಮನೆ ಸಂಖ್ಯೆ ತೆಗೆದು ಕೊಡಿ. ಕೇಂದ್ರದ ದತ್ತಾಂಶ ಹಂಚಿಕೆ ನೀತಿ 2012ರಿಂದಲೇ ಇದೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ, ಕೇಳುವ ಮೊದಲೇ ತಾವಾಗಿ ಪ್ರಕಟಿಸಿ ಅಂತ 2005ರಿಂದ ಹೇಳುತ್ತಿದೆ.

ಈಗ ಇದನ್ನು ಬರೆಯಲು ಕಾರಣವಿದೆ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ಮಾಡಿತು. ಅವರು ಐಸೆಕ್‌ನ ನಿರ್ದೇಶಕರಾಗಿದ್ದವರು, 14ನೇ ಹಣಕಾಸು ಆಯೋಗದ ಸದಸ್ಯರಾಗಿದ್ದವರು. ಅವರ ಯೋಗ್ಯತೆಯ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಈ ಸಮಿತಿಯ ಗೆರೆಗಳು ಮುಂದಿನ ಇಪ್ಪತ್ತು ವರ್ಷ ನಮ್ಮ ಮೇಲೆ ಇರುತ್ತವೆ. 2002ರ ಹಾಳೆಗೆ ಆದ ಗತಿ ಇದಕ್ಕೂ ಆಗಬಾರದು.

ಹಾಗಾಗಿ ಮೊದಲ ಬೇಡಿಕೆ ಅದೇ. ಹೊಸ ಸಮಿತಿಯ ಸೂಚ್ಯಂಕದ ಹಿಂದಿರುವ ಪೂರ್ತಿ ಲೆಕ್ಕದ ಹಾಳೆಯನ್ನು, ಪ್ರತಿ ತಾಲ್ಲೂಕಿನ ಪ್ರತಿ ಸೂಚಕದ ಸಂಖ್ಯೆ, ಅದು ಯಾವ ಇಲಾಖೆಯಿಂದ ಯಾವ ವರ್ಷದ್ದು, ಎಷ್ಟು ತೂಕ, ಯಾವ ಸೂತ್ರ ಅನ್ನುವುದರ ಸಮೇತ, ಇಲಾಖೆಯ ಜಾಲತಾಣದಲ್ಲಿ ಹಾಕಿಸಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಬೇಡ. ದಯವಿಟ್ಟು ಬೇಡ. ನಂಜುಂಡಪ್ಪ ಸಮಿತಿಯ ಹಾಳೆ ಎಲ್ಲಾದರೂ ಉಳಿದಿದ್ದರೆ ಅದನ್ನೂ ಹುಡುಕಿಸಿ. ಉಳಿದಿಲ್ಲದಿದ್ದರೆ ಮೂಲ ವರದಿಯ ಸ್ವಚ್ಛ ಪ್ರತಿಯಿಂದ ಕೋಷ್ಟಕಗಳನ್ನು ಮತ್ತೆ ಟೈಪ್ ಮಾಡಿಸಿ. ಆ ಕೆಲಸ ನಮ್ಮ ವಿದ್ಯಾರ್ಥಿಗಳಿಗೆ ಕೊಟ್ಟರೂ ಸರಿ, ಒಂದು ವಾರದಲ್ಲಿ ಮಾಡಿ ಕೊಡುತ್ತಾರೆ.

ಎರಡನೆಯದಕ್ಕೆ ಸ್ವಲ್ಪ ದುಡ್ಡು ಬೇಕು, ಜಾಸ್ತಿ ಏನಲ್ಲ. ವಿಶೇಷ ಅಭಿವೃದ್ಧಿ ಯೋಜನೆಯ ಹಣದಲ್ಲಿ ಒಂದು ಸಣ್ಣ ಪಾಲನ್ನು ಅಳೆಯುವುದಕ್ಕೇ ಮೀಸಲಿಡಿ. ರಾಜ್ಯದ ಪ್ರತಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗಕ್ಕೆ ಅದರ ವ್ಯಾಪ್ತಿಯ ತಾಲ್ಲೂಕುಗಳನ್ನು ವಹಿಸಿಕೊಡಿ. ವರ್ಷ ವರ್ಷ ಅದೇ ಹಳ್ಳಿಗಳಿಗೆ ಹೋಗಿ ಅದೇ ಪ್ರಶ್ನೆ ಕೇಳಿ ಬರಲಿ. ಎಂ.ಎ. ವಿದ್ಯಾರ್ಥಿಗಳ ಪ್ರಬಂಧ ಇದರ ಭಾಗವಾಗಲಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾಯಿತು. ಉಚಿತ ಬಸ್ಸಿನಿಂದ ಸಿರವಾರದ ಹೆಂಗಸರು ದೂರದ ಕೂಲಿಗೆ ಹೋಗುತ್ತಿದ್ದಾರಾ, ಕೂಲಿ ದರ ಏರಿತಾ ಅಂತ ತಿಳಿಯಲು ಯೋಜನೆ ಬರುವ ಮುಂಚಿನ ಅಂಕಿಯೂ ಬೇಕಲ್ಲ. ಹೀಗೆ ವರ್ಷ ವರ್ಷ ಅಳೆಯುವ ವ್ಯವಸ್ಥೆ ಇದ್ದಿದ್ದರೆ ಇವತ್ತು ಅದು ಕೈಯಲ್ಲಿರುತ್ತಿತ್ತು. ಟಿವಿ ಚರ್ಚೆಗಳಲ್ಲಿ ಒಬ್ಬರು ಹಾಳಾಯಿತು ಅಂತಾರೆ, ಇನ್ನೊಬ್ಬರು ಉದ್ಧಾರವಾಯಿತು ಅಂತಾರೆ. ಇಬ್ಬರ ಹತ್ತಿರವೂ ತಾಲ್ಲೂಕಿನ ಲೆಕ್ಕ ಇಲ್ಲ. ಈ ಕೆಲಸಕ್ಕೆ ಕಾಯಂ ಅಧ್ಯಾಪಕರು ಬೇಕೇ ಬೇಕು. ಹುದ್ದೆ ತುಂಬುವುದು ತಮ್ಮ ಖಾತೆಯಲ್ಲ ಅಂತ ಗೊತ್ತು. ಸಂಪುಟದಲ್ಲಿ ಹೇಳುವುದು ತಮ್ಮಿಂದ ಆಗುತ್ತದೆ.

ಸರ್ಕಾರ ದುಡ್ಡು ಕೊಟ್ಟು ಮಾಡಿಸುವ ಯಾವ ಅಧ್ಯಯನವೇ ಆಗಲಿ, ಕನ್ನಡದಲ್ಲಿ ಒಂದು ಪ್ರತಿ ಬರಬೇಕು ಅಂತ ಟೆಂಡರಿನಲ್ಲೇ ಬರೆಸಿ. ಸಾರಾಂಶ ಸಾಲದು, ಕೋಷ್ಟಕಗಳ ಸಮೇತ ಬೇಕು. ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರದ ವರದಿಗಳ ಜೊತೆಗೂ ಅವುಗಳ ಹಿಂದಿನ ದತ್ತಾಂಶ ಬರಲಿ. ಮತ್ತೆ, ವರದಿಯ ಶಿಫಾರಸನ್ನು ಸರ್ಕಾರ ಒಪ್ಪದಿದ್ದರೆ ಒಪ್ಪುವುದು ಬೇಡ. ಚುನಾಯಿತರು ನೀವು, ಪ್ರೊಫೆಸರು ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕಿಲ್ಲ. ಆದರೆ ಯಾವುದನ್ನು ಒಪ್ಪಿದೆವು, ಯಾವುದನ್ನು ಯಾಕೆ ಬಿಟ್ಟೆವು ಅಂತ ಎರಡು ಪುಟ ಬರೆದು ಸದನದ ಮುಂದೆ ಇಡಿ.

ಈ ಪತ್ರದ ಒಂದು ಪ್ರತಿಯನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಮುಂದಿನ ಸೆಮಿಸ್ಟರಿಗೆ ಪ್ರಬಂಧದ ವಿಷಯ ಆರಿಸುವುದು ಇನ್ನೇನು ಶುರುವಾಗುತ್ತದೆ. ತಾಲ್ಲೂಕು ಸೂಚ್ಯಂಕದ ಮೇಲೆ ಕೆಲಸ ಮಾಡುತ್ತೇವೆ ಅಂತ ಇಬ್ಬರು ಹುಡುಗರು, ಒಬ್ಬಳು ಹುಡುಗಿ ಆಗಲೇ ಕೇಳಿದ್ದಾರೆ. ಹಾಳೆ ಸಿಗುತ್ತದೋ ಇಲ್ಲವೋ ಅಂತ ಅಷ್ಟರೊಳಗೆ ತಿಳಿಸಿದರೆ ಅವರಿಗೆ ಹೌದು ಅಥವಾ ಬೇಡ ಅಂತ ಹೇಳಲು ನನಗೆ ಅನುಕೂಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅರ್ಥಶಾಸ್ತ್ರ ಅತಿಥಿ ಉಪನ್ಯಾಸಕ
ರಾಯಚೂರು ಜಿಲ್ಲೆ